ಅಮ್ಮನ ಹಾಸಿಗೆ ಯಾವ ಇಲಾಖೆಗೆ ಸೇರುತ್ತದೆ?

ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯನ್ನು ನೋಡಿಕೊಳ್ಳುವ ಮಾನ್ಯ ಸಚಿವರಿಗೆ ಮತ್ತು ಆರೋಗ್ಯ ಇಲಾಖೆಯ ಮಾನ್ಯ ಸಚಿವರಿಗೆ,

ನಮಸ್ಕಾರ. ನಿಮ್ಮಿಬ್ಬರಿಗೂ ಸೇರಿಸಿ ಒಂದೇ ಕಾಗದ ಬರೆಯುತ್ತಿದ್ದೇನೆ. ಇದು ಯಾರಿಗೆ ಕೊಡಬೇಕಾದ ದೂರು ಅಂತ ತಿಳಿಯಲು ನಾಲ್ಕು ತಿಂಗಳು ಓಡಾಡಿದೆ, ತಿಳಿಯಲಿಲ್ಲ. ಇಬ್ಬರೂ ಓದಿ, ಆಮೇಲೆ ನಿಮ್ಮಲ್ಲೇ ತೀರ್ಮಾನ ಮಾಡಿಕೊಳ್ಳಿ.

ನನ್ನ ಅಮ್ಮನಿಗೆ 78 ವರ್ಷ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲಿನ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಉಳಿದಿದ್ದು "ನೀರು", "ಬೇಡ", "ಅಮ್ಮಾ" ಥರದ ಏಳೆಂಟು ಪದ, ಅಷ್ಟೇ. ಮೊದಲ ಒಂದು ವರ್ಷ ಮನೆಯಲ್ಲೇ ನೋಡಿಕೊಂಡೆವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೂರನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಏಜೆನ್ಸಿಯವರು ಕಳಿಸಿದ ಆಯಾಗಳು ಹನ್ನೊಂದು ತಿಂಗಳಲ್ಲಿ ಏಳು ಜನ ಬಂದು ಹೋದರು, ಅಮ್ಮನನ್ನು ಎತ್ತಿ ಕೂರಿಸಿ ಎತ್ತಿ ಕೂರಿಸಿ ನನ್ನ ಸೊಂಟ ಹಿಡಿದುಕೊಂಡಿತು. ಕೊನೆಗೆ ಬೆಂಗಳೂರಿನ ಅಂಚಿನಲ್ಲಿರುವ ಒಂದು ಹೋಂಗೆ ಸೇರಿಸಿದೆವು. ತಿಂಗಳಿಗೆ 38 ಸಾವಿರ. ಡೈಪರ್, ಗ್ಲೌಸ್, ಮಾತ್ರೆ ಬೇರೆ. ಹೋಂ ಹೆಸರು ಇಲ್ಲಿ ಬರೆಯುತ್ತಿಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಹೋಂ ಅಂದೆ. ಅದನ್ನು ಏನಂತ ಕರೆಯಬೇಕೋ ನಿಜವಾಗಲೂ ಗೊತ್ತಿಲ್ಲ. ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆ ಆಗುವ ಜಾಗ, ಅಪೆಂಡಿಕ್ಸ್ ತೆಗೆಸಿಕೊಂಡು ನಾಲ್ಕು ದಿನಕ್ಕೆ ಮನೆಗೆ ಬರುವ ಜಾಗ. ವೃದ್ಧಾಶ್ರಮ ಅಂದರೆ ಓಡಾಡಿಕೊಂಡಿರುವ ಅಜ್ಜ ಅಜ್ಜಿಯರು ಪೇಪರ್ ಓದಿಕೊಂಡು, ಸಂಜೆ ಭಜನೆ ಮಾಡಿಕೊಂಡು ಇರುವ ಜಾಗ. ಅಮ್ಮ ಇದ್ದ ಕಡೆ ಮಲಗಿದವರು ಮಲಗಿದಲ್ಲೇ ಇರುತ್ತಾರೆ, ಮಕ್ಕಳು ಬಾಡಿಗೆ ಥರ ತಿಂಗಳು ತಿಂಗಳು ದುಡ್ಡು ಕಟ್ಟುತ್ತಾರೆ, ಡಿಸ್ಚಾರ್ಜ್ ಅನ್ನುವ ಪದವೇ ಅಲ್ಲಿಲ್ಲ. ಅದಕ್ಕೆ ಕನ್ನಡದಲ್ಲಿ ಹೆಸರಿಲ್ಲ. ಹೆಸರಿಲ್ಲದ ಕಡೆ ಹೇಳುವವರು ಕೇಳುವವರು ಇರುವುದಿಲ್ಲ ಅಂತ ಆಗ ಹೊಳೆಯಲಿಲ್ಲ.

ನೋಡಲು ಹೋಗುವ ಸಮಯ ಸಂಜೆ ನಾಲ್ಕರಿಂದ ಆರು. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡೂ ಇತ್ತು. ನಾನು ಹೋದಾಗಲೆಲ್ಲ ಅಮ್ಮನಿಗೆ ತಲೆ ಬಾಚಿ, ಮುಖಕ್ಕೆ ಪೌಡರ್ ಹಾಕಿ, ಹಣೆಗೆ ಕುಂಕುಮ ಇಟ್ಟಿರುತ್ತಿದ್ದರು. ಬೆಡ್‌ಶೀಟ್ ಬೆಳ್ಳಗೆ. ಮೈಯಿಂದ ಘಂ ಅಂತ ಪೌಡರ್ ವಾಸನೆ. ಹಾಸಿಗೆಯ ಕಾಲಿಗೆ ಒಂದು ಚಾರ್ಟ್ ನೇತು ಹಾಕಿದ್ದರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಟಿಕ್ ಹಾಕುವ ಚಾರ್ಟ್. ಎಲ್ಲ ಮನೆಯಲ್ಲೂ ಟಿಕ್. ನನಗೆ ಎಷ್ಟು ಸಮಾಧಾನ ಆಗಿತ್ತು ಅಂದರೆ ಅದರ ಫೋಟೋ ತೆಗೆದು ಮೈಸೂರಿನಲ್ಲಿರುವ ಅಣ್ಣನಿಗೂ ಕಳಿಸಿದ್ದೆ.

ಮೂರನೇ ತಿಂಗಳಲ್ಲಿ ಒಂದು ದಿನ ಸಂಜೆ ಐದು ಗಂಟೆಗೆ ಚಾರ್ಟ್ ನೋಡುತ್ತೇನೆ, ಆರು ಗಂಟೆಯದಕ್ಕೂ ಟಿಕ್ ಬಿದ್ದಿದೆ, ಎಂಟು ಗಂಟೆಯದಕ್ಕೂ ಬಿದ್ದಿದೆ. ಒಂದೇ ಪೆನ್ನು, ಒಂದೇ ಕೈ. ಕೇಳಿದೆ. "ಅದು ಮೇಡಂ, ಅಡ್ವಾನ್ಸ್ ಆಗಿ ಹಾಕಿಟ್ಟಿರ್ತಾರೆ, ಆಮೇಲೆ ಮಾಡ್ತಾರೆ" ಅಂದರು ಮ್ಯಾನೇಜರ್. ನಗಬೇಕೋ ಅಳಬೇಕೋ.

ಅವತ್ತಿನಿಂದ ಅನುಮಾನದ ಹುಳ ಹೊಕ್ಕಿತು. ಒಂದು ಶನಿವಾರ ಸಂಜೆ ಹೊರಡುವ ಮುಂಚೆ ಅಮ್ಮನ ಡೈಪರ್ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಒಂದು ಚುಕ್ಕೆ ಇಟ್ಟು ಬಂದೆ. ಹೆತ್ತ ತಾಯಿಯ ಮೈಮೇಲೆ ಕಳ್ಳನನ್ನು ಹಿಡಿಯುವವರ ಹಾಗೆ ಗುರುತು ಹಾಕುವುದು ಎಂಥ ಕೆಲಸ ಅಂತ ಬರೆದು ತಿಳಿಸಲು ನನಗೆ ಬರುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದೆ. ಚುಕ್ಕೆ ಅಲ್ಲೇ ಇತ್ತು. ಹದಿನಾರು ಗಂಟೆ. ತಿಂಗಳ ಬಿಲ್ಲಿನಲ್ಲಿ ದಿನಕ್ಕೆ ನಾಲ್ಕು ಡೈಪರಿನ ಲೆಕ್ಕ.

ನಾನು ಜಗಳ ಮಾಡುವುದನ್ನು ನೋಡಿ ಒಬ್ಬ ಆಯಾ, ಒಡಿಶಾದ ಹುಡುಗಿ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು, ಮ್ಯಾನೇಜರ್ ಆ ಕಡೆ ಹೋದ ಮೇಲೆ ಹತ್ತಿರ ಬಂದಳು. ಅವಳಿಗೆ ಬರುತ್ತಿದ್ದುದು ಹತ್ತು ಹದಿನೈದು ಕನ್ನಡ ಪದ. "ಅಕ್ಕಾ, ಹಿಂದೆ ನೋಡು" ಅಂದಳು. ಇಬ್ಬರೂ ಸೇರಿ ಅಮ್ಮನನ್ನು ಎಡಕ್ಕೆ ಹೊರಳಿಸಿದೆವು. ಬೆನ್ನುಮೂಳೆ ಮುಗಿಯುವ ಜಾಗದಲ್ಲಿ ಐದು ರೂಪಾಯಿ ನಾಣ್ಯದಷ್ಟು ಅಗಲ ಕಪ್ಪಗಾಗಿತ್ತು. ಅಂಚಿನಿಂದ ಕೀವು. ಅಷ್ಟೊಂದು ಪೌಡರ್ ಯಾಕೆ ಹಾಕುತ್ತಿದ್ದರು ಅಂತ ಆ ಕ್ಷಣ ಅರ್ಥವಾಯಿತು.

ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೇಲೆ ನಾಣ್ಯದಷ್ಟಿದ್ದದ್ದು ಒಳಗೆ ನನ್ನ ಮುಷ್ಟಿ ಹಿಡಿಸುವಷ್ಟಿತ್ತು. ಸತ್ತ ಮಾಂಸ ಕತ್ತರಿಸಿ ತೆಗೆದರು. 19 ದಿನ ಅಲ್ಲಿದ್ದೆವು.

ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಈ ಹುಣ್ಣಿನ ಬಗ್ಗೆ ನಾನು ಆ 19 ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಮನೆಯಲ್ಲಿ ಮಲಗಿದವರಿರುವ ಎಷ್ಟೋ ಜನ ಇದನ್ನು ಓದಬಹುದು. ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಸಿಕ್ಕಿಕೊಂಡು ರಕ್ತ ಓಡಾಡುವುದು ನಿಲ್ಲುತ್ತದೆ. ಕೆಲವೇ ಗಂಟೆ ಹಾಗೇ ಬಿಟ್ಟರೆ ಆ ಜಾಗ ಸಾಯಲು ಶುರುವಾಗುತ್ತದೆ. ನಾವು ನೀವು ನಿದ್ದೆಯಲ್ಲೇ ಹೊರಳುತ್ತೇವೆ, ಅದಕ್ಕೆ ನಮಗೆ ಆಗುವುದಿಲ್ಲ. ಶುರುವಿನಲ್ಲಿ ಬರೀ ಕೆಂಪು ಕಲೆ, ಬೆರಳಿನಿಂದ ಒತ್ತಿದರೂ ಆ ಕೆಂಪು ಮಾಯವಾಗುವುದಿಲ್ಲ. ಪುಸ್ತಕದಲ್ಲಿ ಕೆಂಪು ಅಂತ ಇರುತ್ತದೆ, ಆದರೆ ನಮ್ಮ ಅಮ್ಮನಂಥ ಎಣ್ಣೆಗಪ್ಪು ಬಣ್ಣದವರಲ್ಲಿ ಕೆಂಪು ಕಾಣಿಸುವುದೇ ಇಲ್ಲ. ಸ್ವಲ್ಪ ನೀಲಿಯೋ ನೇರಳೆಯೋ ಅನ್ನಿಸಬಹುದು, ಮುಟ್ಟಿದರೆ ಅಲ್ಲಿ ಬಿಸಿ ಅಥವಾ ಗಟ್ಟಿ ಇರುತ್ತದೆ. ಆ ಹಂತದಲ್ಲಿ ಕಂಡುಹಿಡಿದರೆ ಮಗ್ಗುಲು ಬದಲಿಸಿ, ಒಣಗಿಸಿಟ್ಟು, ಆ ಜಾಗದ ಮೇಲೆ ಭಾರ ಬೀಳದ ಹಾಗೆ ನೋಡಿಕೊಂಡರೆ ಸಾಕು, ವಾಸಿಯಾಗುತ್ತದೆ. ಒಂದು ಔಷಧಿಯೂ ಬೇಡ. ಒದ್ದೆ ಡೈಪರಿನಲ್ಲಿ ಹದಿನಾರು ಗಂಟೆ ಬಿಟ್ಟರೆ ಚರ್ಮ ನೀರಿನಲ್ಲಿ ನೆನೆದ ಕಾಗದದ ಥರ ಆಗಿರುತ್ತದೆ, ಸ್ವಲ್ಪ ಎಳೆದರೂ ಕಿತ್ತು ಬರುತ್ತದೆ. ಏರ್ ಬೆಡ್ ಹಾಕಿದ್ದೇವೆ ಅಂತ ಹೋಂನವರು ಹೇಳುತ್ತಿದ್ದರು. ಹೌದು, ಹಾಕಿದ್ದರು. ಏರ್ ಬೆಡ್ ಹಾಕಿದ ಮಾತ್ರಕ್ಕೆ ಹೊರಳಿಸುವ ಕೆಲಸ ತಪ್ಪುವುದಿಲ್ಲ.

ಈಗ ಮಾತ್ರೆಯ ವಿಷಯ. ಅಮ್ಮ ರಾತ್ರಿ ಹೊತ್ತು ಕೂಗುತ್ತಾರೆ, ಬೇರೆಯವರಿಗೆ ತೊಂದರೆ ಆಗುತ್ತದೆ ಅಂತ ಒಂದು ಸಲ ಹೇಳಿದ್ದರು. ವಾರಕ್ಕೊಮ್ಮೆ ಬರುವ ಡಾಕ್ಟರ್ ಒಂದು ಮಾತ್ರೆ ಬರೆದರು, ನಮ್ಮನ್ನು ಕೇಳಲಿಲ್ಲ. ಬಿಲ್ಲಿನಲ್ಲಿ ಕ್ವೆಟಿಯಾಪಿನ್ ಅಂತ ನೋಡಿದ ಮೇಲೇ ನನಗೆ ಗೊತ್ತಾಗಿದ್ದು. ಅದು ಮಾನಸಿಕ ಕಾಯಿಲೆಗೆ ಕೊಡುವ, ಮಂಪರು ಬರಿಸುವ ಮಾತ್ರೆ. ಈ ಗುಂಪಿನ ಮಾತ್ರೆಗಳು ಮರೆವಿನ ಕಾಯಿಲೆ ಇರುವ ವಯಸ್ಸಾದವರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಅವುಗಳ ಲೇಬಲ್ ಮೇಲೆ ಚೌಕ ಕಟ್ಟಿದ ಎಚ್ಚರಿಕೆ ಹಾಕಿಸಿದೆ. ಅಮ್ಮನಿಗೆ ಇದ್ದದ್ದು ಮರೆವಲ್ಲ, ಸ್ಟ್ರೋಕ್. ಅದೂ ಹೋಗಲಿ. ಅಮ್ಮ ಯಾಕೆ ಕೂಗುತ್ತಿದ್ದಾರೆ ಅಂತ ಯಾರಾದರೂ ಹೊರಳಿಸಿ ನೋಡಿದ್ದರೆ ಸಾಕಿತ್ತು. ಬೆನ್ನಿನ ಹಿಂದೆ ಹುಣ್ಣು ಕೊಳೆಯುತ್ತಿತ್ತು, ಅವರ ಹತ್ತಿರ ಉಳಿದಿದ್ದ ಏಳೆಂಟು ಪದದಲ್ಲಿ ನೋವು ಅನ್ನುವ ಪದ ಇರಲಿಲ್ಲ, "ಅಮ್ಮಾ" ಇತ್ತು, ಅದನ್ನೇ ಕೂಗುತ್ತಿದ್ದರು. ಮಾತ್ರೆ ಕೊಟ್ಟ ಮೇಲೆ ಕೂಗು ನಿಂತಿತು. ಇದ್ದಷ್ಟು ಮಿಸುಕಾಟವೂ ನಿಂತಿತು, ಊಟ ನೀರೂ ಕಡಿಮೆಯಾಯಿತು. ಹುಣ್ಣಿಗೆ ಇದಕ್ಕಿಂತ ಅನುಕೂಲ ಬೇಕಾ?

ಇಷ್ಟೆಲ್ಲ ಬರೆದ ಮೇಲೆ ಆಯಾಗಳನ್ನು ಬೈಯಬೇಕು ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆಮೇಲೆ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ, ದೊಡ್ಡ ಗಣಿತ ಏನಿಲ್ಲ. ಅಲ್ಲಿ 24 ಹಾಸಿಗೆ. ತಾವಾಗಿ ಹೊರಳಲಾಗದವರು 10 ಜನ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ಇಬ್ಬರೇ ಆಯಾ. ಒಬ್ಬರನ್ನು ಹೊರಳಿಸಿ, ಡೈಪರ್ ನೋಡಿ, ಒರೆಸಿ, ಬದಲಿಸಿ, ದಿಂಬು ಇಡಲು ಇಬ್ಬರೂ ಸೇರಿದರೆ ಹತ್ತು ನಿಮಿಷ. ಹತ್ತು ಜನಕ್ಕೆ ನೂರು ನಿಮಿಷ. ಎರಡು ಗಂಟೆಗೆ ಇರುವುದೇ 120 ನಿಮಿಷ. ಉಳಿದ ಇಪ್ಪತ್ತು ನಿಮಿಷದಲ್ಲಿ ಮಿಕ್ಕ 14 ಜನಕ್ಕೆ ಬಾತ್‌ರೂಮು, ನೀರು, ಕೆಮ್ಮು, ಕೆಳಗೆ ಬಿದ್ದವರು, ಹೆದರಿಕೊಂಡವರು. ಹೀಗೆ ರಾತ್ರಿಗೆ ಆರು ಸುತ್ತು. ಮಧ್ಯೆ ಕೂರುವ ಹಾಗಿಲ್ಲ, ಕಣ್ಣು ಮುಚ್ಚುವ ಹಾಗಿಲ್ಲ. ಆ ಹುಡುಗಿಗೆ ಸಿಗುತ್ತಿದ್ದದ್ದು ತಿಂಗಳಿಗೆ 14 ಸಾವಿರ, ಮಲಗುವ ಜಾಗ ಅಡುಗೆಮನೆಯ ಹಿಂದಿನ ರೂಮು. ಈ ಕೆಲಸಕ್ಕೆ ಅವಳಿಗೆ ಒಂದು ದಿನದ ತರಬೇತಿಯೂ ಯಾರೂ ಕೊಟ್ಟಿರಲಿಲ್ಲ. ಚಾರ್ಟ್ ಸುಳ್ಳಾಗದೆ ಇನ್ನೇನಾಗುತ್ತದೆ? ಸಂಜೆಯೇ ಟಿಕ್ ಹಾಕಿಟ್ಟವಳಿಗೆ ರಾತ್ರಿ ಏನು ನಡೆಯುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. (ಆ ಹುಡುಗಿ ಈಗ ಅಲ್ಲಿಲ್ಲ. ಎರಡು ಸಾವಿರ ಜಾಸ್ತಿ ಸಿಗುತ್ತದೆ ಅಂತ ಬೇರೆ ಹೋಂಗೆ ಹೋದಳು. ಒಳ್ಳೆಯದಾಗಲಿ.)

ಸರಿ, ದೂರು ಕೊಡೋಣ ಅಂತ ಹೊರಟೆ. ಮೊದಲನೇ ಕಚೇರಿಯಲ್ಲಿ, "ಅಲ್ಲಿ ಆಪರೇಷನ್ ಮಾಡ್ತಾರಾ? ಡಾಕ್ಟರ್ ಇರ್ತಾರಾ? ಇಲ್ವಲ್ಲ, ಹಾಗಾದರೆ ಅದು ಆಸ್ಪತ್ರೆ ಅಲ್ಲ, ನಮಗೆ ಬರಲ್ಲ" ಅಂದರು. ಎರಡನೇ ಕಚೇರಿಯಲ್ಲಿ, "ಅವರಿಗೆ ನಾವು ಅನುದಾನ ಕೊಡ್ತಿಲ್ಲ, ಪ್ರೈವೇಟ್‌ನವರು, ನಮಗೆ ಬರಲ್ಲ" ಅಂದರು. ಮೂರನೇ ಕಡೆ, "ಯಾರಾದ್ರೂ ಹೊಡೆದಿದ್ದಾರಾ? ಕದ್ದಿದ್ದಾರಾ?" ಇಲ್ಲ. "ಮತ್ತೆ?" ಒಬ್ಬರೂ ಕೆಟ್ಟದಾಗಿ ಮಾತಾಡಲಿಲ್ಲ, ಒಂದು ಕಡೆ ಕೂರಿಸಿ ಕಾಫಿ ಕೂಡ ಕೊಟ್ಟರು. ಆದರೆ ಅಮ್ಮನ ಹಾಸಿಗೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಹಾಗಾಗಿ ನಾನೇ ಕಾಯ್ದೆ ಓದಿದೆ. ನಾನು ವಕೀಲೆ ಅಲ್ಲ, ಅಕೌಂಟ್ಸ್ ಕೆಲಸ ನನ್ನದು, ಸಾಲು ಸಾಲಾಗಿ ಓದುವುದು ಅಭ್ಯಾಸ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಲ್ಲಿ, ಎಲ್ಲರೂ ಕೆಪಿಎಂಇ ಅನ್ನುತ್ತಾರಲ್ಲ ಅದರಲ್ಲಿ, ಆಸ್ಪತ್ರೆ ಇದೆ, ನರ್ಸಿಂಗ್ ಹೋಂ ಇದೆ, ಹೆರಿಗೆ ಆಸ್ಪತ್ರೆ, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ಫಿಸಿಯೋಥೆರಪಿ ಸೆಂಟರ್ ಎಲ್ಲ ಇದೆ. ವಯಸ್ಸಾದವರನ್ನು ವರ್ಷಗಟ್ಟಲೆ ಮಲಗಿಸಿಕೊಳ್ಳುವ ಮನೆಯ ಹೆಸರು ಆ ಪಟ್ಟಿಯಲ್ಲಿ ನನಗೆ ಸಿಗಲಿಲ್ಲ. ಅದೇ 2007ರಲ್ಲಿ ಕೇಂದ್ರದ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬಂತು. ಅದರ 19ನೇ ಸೆಕ್ಷನ್‌ನಲ್ಲಿ ಪ್ರತಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ವೃದ್ಧರಿಗಾಗುವಷ್ಟು ವೃದ್ಧಾಶ್ರಮದ ಮಾತಿದೆ, ಅದನ್ನೂ ಸರ್ಕಾರ "ಮಾಡಬಹುದು" ಅಂತಿದೆ. 24ನೇ ಸೆಕ್ಷನ್‌ನಲ್ಲಿ ಹಿರಿಯರನ್ನು ಎಲ್ಲೋ ಬಿಟ್ಟು ಕೈತೊಳೆದುಕೊಂಡವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಕ್ಕಳ ಬೆನ್ನಟ್ಟಲು ಕಾಯ್ದೆ ಇದೆ. ದುಡ್ಡು ತೆಗೆದುಕೊಂಡು ನೋಡಿಕೊಳ್ಳುತ್ತೇವೆ ಅಂದವರು ಸರಿಯಾಗಿ ನೋಡಿಕೊಳ್ಳದಿದ್ದರೆ ಏನು ಅಂತ ಅದರಲ್ಲಿಲ್ಲ.

ಇರಬೇಕು ಅಂತ ಯಾರಿಗೂ ಹೊಳೆದಿಲ್ಲ ಅಂತಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದಿದ್ದರು. ಇಂಥ ಹೋಂಗಳೂ, ಮನೆಗೆ ಆಯಾ ಕಳಿಸುವ ಏಜೆನ್ಸಿಗಳೂ ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಇರಬೇಕು ಅಂತ ಅದರಲ್ಲಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ಸಮಿತಿ ವರದಿ ಕೊಟ್ಟಿತು, 2024ರಲ್ಲಿ ಲೋಕಸಭೆಯ ಅವಧಿ ಮುಗಿದಾಗ ಮಸೂದೆಯೂ ಬಿದ್ದುಹೋಯಿತು. ಆ ನಾಲ್ಕೂವರೆ ವರ್ಷದಲ್ಲಿ ಎಷ್ಟು ಜನರ ಬೆನ್ನು ಕೊಳೆಯಿತೋ.

ತೆರಿಗೆಯವರ ಕಣ್ಣಿಗೆ ಮಾತ್ರ ಈ ಜಾಗ ಬಿದ್ದಿದೆ, ನೋಡಿ. ಸರ್ಕಾರವೋ ನೋಂದಾಯಿತ ಧರ್ಮಾರ್ಥ ಸಂಸ್ಥೆಯೋ ನಡೆಸುವ ವೃದ್ಧಾಶ್ರಮ 60 ದಾಟಿದವರಿಂದ ತಿಂಗಳಿಗೆ 25,000 ರೂಪಾಯಿವರೆಗೆ ತೆಗೆದುಕೊಂಡರೆ ಜಿಎಸ್‌ಟಿ ಇಲ್ಲ ಅಂತ 2018ರಲ್ಲೇ ಆದೇಶ ಮಾಡಿದ್ದಾರೆ. ಊಟ, ವಸತಿ, ಆರೈಕೆ ಎಲ್ಲ ಸೇರಿ 25,000 ಅಂತಲೂ ಬಿಡಿಸಿ ಬರೆದಿದ್ದಾರೆ. ಎಷ್ಟು ದುಡ್ಡಿಗೆ ತೆರಿಗೆ ಅನ್ನುವುದು ಸರ್ಕಾರಕ್ಕೆ ಗೊತ್ತು. ಆ ದುಡ್ಡಿಗೆ ರಾತ್ರಿ ಎಷ್ಟು ಜನ ಎಚ್ಚರ ಇರಬೇಕು ಅನ್ನುವುದು ಗೊತ್ತಿಲ್ಲ.

ಇನ್ನೊಂದು ಹೇಳಿಬಿಡುತ್ತೇನೆ, ಇದು ಸ್ವಲ್ಪ ಹೊಟ್ಟೆಉರಿಯ ಮಾತು. 2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಗೆ ಲೈಸೆನ್ಸು. ನನ್ನ ಮಗ ಪಿಜಿಯಲ್ಲಿದ್ದಾನೆ. ಅವನಿಗೆ 23 ವರ್ಷ, ಊಟ ಚೆನ್ನಾಗಿಲ್ಲ ಅಂದರೆ ಬ್ಯಾಗು ಎತ್ತಿಕೊಂಡು ಬೇರೆ ಪಿಜಿಗೆ ಹೋಗುತ್ತಾನೆ. ಅವನಿಗೆ 70 ಚದರ ಅಡಿ ಲೆಕ್ಕ ಇದೆ. ಅವನ ಅಜ್ಜಿಗೆ ಏಳಲೂ ಆಗುವುದಿಲ್ಲ, ಅವರಿಗೆ ಯಾವ ಲೆಕ್ಕ ಇದೆ? ಪಿಜಿ ನಿಯಮ ತಪ್ಪು ಅಂತಿಲ್ಲ, ಒಳ್ಳೆಯದೇ. ಒಂದು ಹುಡುಗಿಯ ಕೊಲೆ ಆದ ಮೇಲೆ ಬಂತು. ನಮ್ಮಲ್ಲೂ ಹಾಗೇ ಏನಾದರೂ ಆಗಲಿ ಅಂತ ಕಾಯಬೇಕಾ?

ಗ್ರಾಹಕರ ಆಯೋಗಕ್ಕೆ ಹೋಗಿ ಅಂತ ಸ್ನೇಹಿತರು ಹೇಳಿದರು. ದುಡ್ಡು ಕೊಟ್ಟು ತೆಗೆದುಕೊಂಡ ಸೇವೆ, ಹೋಗಬಹುದು, ಬಹುಶಃ ಹೋಗುತ್ತೇನೆ. ಆದರೆ ಕೇಸ್ ಹಾಕಲು ಕಾಗದ ಬೇಕಲ್ಲ, ಚಾರ್ಟಿನ ನಕಲು ಕೊಡಿ ಅಂದರೆ "ಅದು ನಮ್ಮ ಇಂಟರ್ನಲ್ ರೆಕಾರ್ಡ್" ಅಂದರು. ನನ್ನ ಹತ್ತಿರ ಇರುವುದು ಅಣ್ಣನಿಗೆ ಕಳಿಸಿದ್ದ ಆ ಫೋಟೋ, ಎಲ್ಲ ಟಿಕ್ ಸರಿಯಾಗಿರುವ ಫೋಟೋ. ಅದು ಅವರ ಪರ ಸಾಕ್ಷಿ!

ನಮ್ಮ ತಪ್ಪನ್ನೂ ಬರೆಯುತ್ತೇನೆ. ಅಮ್ಮನನ್ನು ಹೋಂಗೆ ಹಾಕಿದ್ದೇವೆ ಅಂತ ನಾವು ಸಂಬಂಧಿಕರಿಗೆ ಹೇಳಿರಲಿಲ್ಲ. "ಫಿಸಿಯೋಥೆರಪಿಗೆ ಇಟ್ಟಿದ್ದೀವಿ" ಅಂತಿದ್ದೆವು. ಮದುವೆ ಮನೆಯಲ್ಲಿ ಯಾರಾದರೂ "ಅಮ್ಮ ಎಲ್ಲಿ?" ಅಂದರೆ ಮಾತು ಬದಲಿಸುತ್ತಿದ್ದೆ. ಸಂಜೆ ನಾಲ್ಕಕ್ಕೆ ಹೋಂ ಗೇಟಿನ ಹತ್ತಿರ ಸಿಗುತ್ತಿದ್ದ ಬೇರೆ ಮಕ್ಕಳೂ ಹಾಗೇ, ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾತಾಡಿಕೊಂಡಿದ್ದರೆ ಚಾರ್ಟಿನ ವಿಷಯ ಮೊದಲ ತಿಂಗಳೇ ಹೊರಗೆ ಬರುತ್ತಿತ್ತೇನೋ. ನಾಚಿಕೆ ಇರುವವರು ದೂರು ಕೊಡುವುದಿಲ್ಲ, ಹೋಂ ನಡೆಸುವವರಿಗೆ ಇದು ಚೆನ್ನಾಗಿ ಗೊತ್ತು. "ನಿಮಗೆ ಅಷ್ಟು ಕಾಳಜಿ ಇದ್ದರೆ ಮನೆಗೆ ಕರ್ಕೊಂಡು ಹೋಗಿ ಮೇಡಂ" ಅಂದುಬಿಟ್ಟರೆ ನಮ್ಮ ಬಾಯಿ ಬಂದ್. ಅದೂ ಅಲ್ಲದೆ ಹುಣ್ಣಾದವರನ್ನು ಬೇರೆ ಹೋಂನವರು ಸೇರಿಸಿಕೊಳ್ಳುವುದಿಲ್ಲ, ನಾನು ಐದು ಕಡೆ ಕೇಳಿ ಸುಸ್ತಾದೆ.

ನಿಮ್ಮನ್ನು ಏನು ಕೇಳುತ್ತಿದ್ದೇನೆ ಅಂದರೆ, ದೊಡ್ಡ ಯೋಜನೆ ಬೇಡ. ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಕ್ಕೆ ಶಾಲು, ಹಣ್ಣಿನ ಬುಟ್ಟಿ, ಅದೂ ಬೇಡ. ಮೊದಲು ನೀವಿಬ್ಬರೂ ಕೂತು ಇದು ಯಾರ ಜವಾಬ್ದಾರಿ ಅಂತ ಬರವಣಿಗೆಯಲ್ಲಿ ಕೊಡಿ. ಆಮೇಲೆ, ಮಲಗಿದ ವೃದ್ಧರನ್ನು ದುಡ್ಡಿಗೆ ಇಟ್ಟುಕೊಳ್ಳುವ ಪ್ರತಿ ಮನೆಯ ಗೇಟಿನ ಮೇಲೆ ಒಂದು ಬೋರ್ಡು ಇರಲಿ: ಹಾಸಿಗೆ ಎಷ್ಟು, ತಾವಾಗಿ ಹೊರಳಲಾಗದವರು ಎಷ್ಟು, ರಾತ್ರಿ ಎಚ್ಚರ ಇರುವವರು ಎಷ್ಟು. ಮೂರೇ ಅಂಕಿ. ಆಸ್ಪತ್ರೆಗಳು ದರಪಟ್ಟಿ ಹಾಕಬೇಕು ಅಂತ ನಿಯಮ ಮಾಡಿದ್ದೀರಲ್ಲ, ಹಾಗೇ. ಮನೆಯವರು ಯಾವ ಹೊತ್ತಿಗೆ ಬಂದರೂ ಬಾಗಿಲು ತೆಗೆಯಬೇಕು, ಬೆಳಗಿನ ಜಾವ ಮೂರಕ್ಕೆ ಬಂದರೂ. ಚಾರ್ಟಿನ ನಕಲು ಕೇಳಿದ ದಿನವೇ ಕೊಡಬೇಕು. ನಿದ್ದೆ ಬರಿಸುವ ಮಾತ್ರೆ ಶುರು ಮಾಡುವ ಮುಂಚೆ ಮನೆಯವರ ಸಹಿ ಬೇಕು.

ಇನ್ಸ್‌ಪೆಕ್ಟರ್‌ಗಳನ್ನು ಕಳಿಸಿ ಅಂತ ನಾನು ಜೋರಾಗಿ ಕೇಳುತ್ತಿಲ್ಲ, ಗಮನಿಸಿದಿರಾ? ಇನ್ಸ್‌ಪೆಕ್ಷನ್ ಅಂದರೆ ನಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕಷ್ಟಪಟ್ಟು, ಪ್ರಾಮಾಣಿಕವಾಗಿ, ಹತ್ತು ಹನ್ನೆರಡು ಜನರನ್ನು ನೋಡಿಕೊಳ್ಳುವ ಸಣ್ಣ ಟ್ರಸ್ಟ್‌ಗಳಿವೆ. ನೂರೆಂಟು ಫೈಲು ಕೇಳಿದರೆ ಮೊದಲು ಮುಚ್ಚುವುದು ಅವೇ, ಕವರ್ ಕೊಡುವವರು ಉಳಿದುಕೊಳ್ಳುತ್ತಾರೆ. ಗೇಟಿನ ಮೇಲಿನ ಮೂರು ಅಂಕಿಯನ್ನು ನಾವೇ, ಮಕ್ಕಳೇ, ರಾತ್ರಿ ಹೋಗಿ ಎಣಿಸಿ ನೋಡುತ್ತೇವೆ. ತಪ್ಪಿದ್ದರೆ ಯಾರಿಗೆ ಹೇಳಬೇಕು ಅನ್ನುವುದಷ್ಟೇ ನಮಗೆ ಬೇಕು.

2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ನೂರಕ್ಕೆ 9.5 ಜನ 60 ದಾಟಿದವರು, ದೇಶದ ಸರಾಸರಿ 8.6. ಅವತ್ತು 60 ಆಗಿದ್ದವರೆಲ್ಲ ಈಗ 70 ದಾಟಿದ್ದಾರೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಗಳೂ ಕಡಿಮೆ ಆಗುತ್ತಿಲ್ಲ.

ಅಮ್ಮ ಈಗ ನಮ್ಮ ಜೊತೆ ಇದ್ದಾರೆ. ನೆಲಮಹಡಿಯ ಮನೆ ಹುಡುಕಿ ಬದಲಿಸಿದೆವು. ಹುಣ್ಣು ಅಂಚಿನಿಂದ ತುಂಬಿಕೊಂಡು ಬರುತ್ತಿದೆ, ಐದು ತಿಂಗಳಾಯಿತು, ಇನ್ನೂ ಡ್ರೆಸ್ಸಿಂಗ್ ನಡೆದಿದೆ. ಆ ಮಾತ್ರೆ ನಿಂತಿದೆ. ರಾತ್ರಿ ಕೂಗುತ್ತಾರೆ, ಎದ್ದು ಹೊರಳಿಸುತ್ತೇವೆ, ಸುಮ್ಮನಾಗುತ್ತಾರೆ. ನನ್ನ ಸೊಂಟದ ಕಥೆ ಬಿಡಿ.

ಹೋಂ ಹೆಸರು ಯಾಕೆ ಬರೆದಿಲ್ಲ ಅಂದರೆ, ಅಮ್ಮನ ಪಕ್ಕದ ಹಾಸಿಗೆಯಲ್ಲಿ ಒಬ್ಬರು ನಿವೃತ್ತ ಟೀಚರ್ ಇದ್ದಾರೆ. ಮಗ ಹೊರದೇಶದಲ್ಲಿ. ಎರಡೂ ಕಾಲಿಗೆ ಬಲವಿಲ್ಲ, ತಲೆ ಮಾತ್ರ ಚುರುಕು. ನಾನು ಹೋದಾಗಲೆಲ್ಲ "ಇವತ್ತು ಯಾವ ವಾರನಮ್ಮಾ?" ಅಂತ ಕೇಳುತ್ತಿದ್ದರು, ಹೇಳಿದರೆ ಬೆರಳು ಮಡಿಸಿ ಏನೋ ಎಣಿಸಿಕೊಳ್ಳುತ್ತಿದ್ದರು. ಅವರು ಇನ್ನೂ ಅಲ್ಲೇ ಇದ್ದಾರೆ. ನಾನು ಇಲ್ಲಿ ಹೆಸರು ಹಾಕಿದರೆ ನನಗೇನೂ ಆಗುವುದಿಲ್ಲ, ಸಿಟ್ಟೆಲ್ಲ ಅಲ್ಲಿರುವವರ ಮೇಲೆ ತಿರುಗುತ್ತದೆ. ನಿಮಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ಹೋಂನ ಪೂರ್ತಿ ವಿಳಾಸ ಇದೆ, ನನ್ನ ಹೆಸರು, ಫೋನ್ ನಂಬರ್ ಕೂಡ. ಹೋಗುವುದಾದರೆ ಮೊದಲೇ ಫೋನ್ ಮಾಡಬೇಡಿ. ಸಂಜೆ ನಾಲ್ಕರಿಂದ ಆರರ ಮಧ್ಯೆಯೂ ಹೋಗಬೇಡಿ.

ಇಂತಿ,
ಒಬ್ಬ ಮಗಳು
ಬೆಂಗಳೂರು